ಹುಡುಗಿಯರಿಗೆ ಗಾಡಿ ಕಳಿಸಿದ ಶಾಲೆ: ಕಲ್ಕತ್ತೆಯ ಬೆಥೂನ್ ಶಾಲೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಶಾಲೆ?

1849ರ ಮೇ 7ರಂದು ಕಲ್ಕತ್ತೆಯಲ್ಲಿ 21 ಹುಡುಗಿಯರೊಂದಿಗೆ ಶುರುವಾದ ಖಾಸಗಿ ಶಾಲೆ. ಆಗಿನ ಹೆಸರು ಹಿಂದೂ ಫೀಮೇಲ್ ಸ್ಕೂಲ್. ಶುರುಮಾಡಿದ ಬೆಥೂನ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರು ಆಮೇಲೆ ಬಂತು. ಸ್ವಂತ ಕಟ್ಟಡ ಇರಲಿಲ್ಲ. ದಕ್ಷಿಣಾರಂಜನ ಮುಖರ್ಜಿ ಎಂಬ ಅನುಕೂಲಸ್ಥರು ಸುಕಿಯಾ ಸ್ಟ್ರೀಟ್‌ನಲ್ಲಿದ್ದ ತಮ್ಮ ಮನೆಯ ಬೈಠಕ್‌ಖಾನೆಯನ್ನು ಬಿಟ್ಟುಕೊಟ್ಟರು. ಬೈಠಕ್‌ಖಾನೆ ಅಂದರೆ ಗಂಡಸರು ಕೂತು ಹರಟುವ, ಬಂದವರನ್ನು ಮಾತಾಡಿಸುವ ಹೊರಗಿನ ಹಜಾರ. ಬಂಗಾಳದ ದೊಡ್ಡ ಮನೆಗಳಲ್ಲಿ ಹೆಂಗಸರು ಕಾಲಿಡದ ಜಾಗ ಯಾವುದಾದರೂ ಇದ್ದರೆ ಅದು ಇದೇ. ಅಲ್ಲೇ ಹುಡುಗಿಯರು ಕೂತು ಅಕ್ಷರ ತಿದ್ದಿದರು.

ಉಚ್ಚಾರಣೆ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಬೆಥೂನ್ ಎಂಬ ಹೆಸರನ್ನು ‘ಬೀಟನ್’ ಅನ್ನುತ್ತಾರೆ. ಕಲ್ಕತ್ತೆಯವರು ‘ಬೇಥುನ್’ ಅನ್ನುತ್ತಾರೆ. ನಮ್ಮಲ್ಲಿ ‘ಬೆಥೂನ್’ ಅಂತ ರೂಢಿ. ನಾನು ಹಾಗೇ ಬರೆದಿದ್ದೇನೆ.

ಭಾರತದ ಮೊದಲ ಹೆಣ್ಣುಮಕ್ಕಳ ಶಾಲೆ ಇದೇನಾ?

ಅಲ್ಲ. ಈ ‘ಮೊದಲು’ ಅನ್ನುವ ಪಟ್ಟಕ್ಕೆ ಜಗಳ ಜಾಸ್ತಿ, ಅದಕ್ಕೇ ಹೇಳಿಬಿಡುತ್ತೇನೆ. ಕಲ್ಕತ್ತೆಯಲ್ಲೇ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳು 1820ರ ಆಸುಪಾಸಿನಿಂದ ಇದ್ದವು. ಆದರೆ ಅಲ್ಲಿ ಬೈಬಲ್ ಪಾಠವೂ ಇರುತ್ತಿದ್ದುದರಿಂದ ಮೇಲ್ಜಾತಿಯ ಮನೆಯವರು ಮಕ್ಕಳನ್ನು ಕಳಿಸುತ್ತಿರಲಿಲ್ಲ. ಕಲ್ಕತ್ತೆಯ ಹತ್ತಿರದ ಬಾರಾಸಾತ್‌ನಲ್ಲಿ 1847ರಲ್ಲೇ ಊರಿನವರು ಸೇರಿ ಒಂದು ಹುಡುಗಿಯರ ಶಾಲೆ ತೆರೆದಿದ್ದರು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಶಾಲೆ ಶುರುಮಾಡಿದ್ದು ನಮಗೆಲ್ಲ ಗೊತ್ತೇ ಇದೆ.

ಬೆಥೂನ್ ಶಾಲೆಯ ವಿಶೇಷ ಬೇರೆ. ಧರ್ಮದ ಪಾಠ ಇಲ್ಲ ಅಂತ ಮೊದಲೇ ಹೇಳಿ, ‘ಮರ್ಯಾದಸ್ಥರ’ ಮನೆಯ ಹೆಣ್ಣುಮಕ್ಕಳನ್ನು ಹೊಸಿಲು ದಾಟಿಸಿ, ರಾಜಧಾನಿಯ ನಡುಬೀದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಶಾಲೆಗೆ ಕರೆತಂದರು.

ಬೆಥೂನ್ ಯಾರು?

ಪೂರ್ತಿ ಹೆಸರು ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್. ಹುಟ್ಟಿದ್ದು 1801ರಲ್ಲಿ. ಕೇಂಬ್ರಿಜ್‌ನಲ್ಲಿ ಓದಿದ ವಕೀಲ. 1848ರಲ್ಲಿ ಗವರ್ನರ್ ಜನರಲ್ ಅವರ ಕೌನ್ಸಿಲ್‌ಗೆ ಕಾನೂನು ಸದಸ್ಯನಾಗಿ ಬಂದರು. ಕೌನ್ಸಿಲ್ ಆಫ್ ಎಜುಕೇಷನ್‌ನ ಅಧ್ಯಕ್ಷರೂ ಅವರೇ.

ಕಲ್ಕತ್ತೆಯ ಬಿಳಿಯರಿಗೆ ಈ ಮನುಷ್ಯ ಇಷ್ಟವಾಗಲಿಲ್ಲ. ಮೊಫಸ್ಸಿಲ್‌ನ, ಅಂದರೆ ರಾಜಧಾನಿಯ ಹೊರಗಿನ, ಕೋರ್ಟುಗಳಲ್ಲಿ ಯುರೋಪಿಯನ್ನರನ್ನೂ ವಿಚಾರಣೆ ಮಾಡಬಹುದು ಅನ್ನುವ ಮಸೂದೆಗಳನ್ನು 1849ರಲ್ಲಿ ಬರೆದವರು ಅವರು. ಬಿಳಿಯರು ಅದಕ್ಕೆ ‘ಕರಿ ಕಾಯ್ದೆಗಳು’ ಅಂತ ಹೆಸರಿಟ್ಟು ಗಲಾಟೆ ಎಬ್ಬಿಸಿದರು. ಹೀಗೆ ಒಂದೇ ವರ್ಷದಲ್ಲಿ ತನ್ನವರ ಕೋಪವನ್ನೂ, ಊರಿನ ಸಂಪ್ರದಾಯಸ್ಥರ ಕೋಪವನ್ನೂ ಕಟ್ಟಿಕೊಂಡರು.

ಅದೇ 1849ರ ಇನ್ನೊಂದು ಸಂಗತಿ. ಮದ್ರಾಸಿನಲ್ಲಿದ್ದ ಮೈಕೆಲ್ ಮಧುಸೂದನ ದತ್ತ ಎಂಬ ಯುವಕ ಇಂಗ್ಲಿಷಿನಲ್ಲಿ ಒಂದು ಕಾವ್ಯ ಬರೆದು ಅಚ್ಚು ಹಾಕಿಸಿದ್ದ. ಪ್ರತಿಯೊಂದು ಬೆಥೂನ್ ಕೈ ಸೇರಿತು. ಇಂಗ್ಲಿಷ್ ಕಲಿತದ್ದು ಸರಿ, ಆದರೆ ಅದನ್ನು ತನ್ನ ಭಾಷೆಗೆ ದುಡಿಸಿಕೊಳ್ಳಲಿ, ಬಂಗಾಳಿಯಲ್ಲಿ ಬರೆಯಲಿ ಎಂದು ಅವರು ಸಲಹೆ ಕಳಿಸಿದರು. ದತ್ತ ಮುಂದೆ ಬಂಗಾಳಿಯ ಮಹಾಕವಿಯಾದ.

ಫೀಸು ಎಷ್ಟಿತ್ತು? ದುಡ್ಡು ಯಾರು ಹಾಕುತ್ತಿದ್ದರು?

ಫೀಸು ಇರಲಿಲ್ಲ. ಪುಸ್ತಕವೂ ಪುಕ್ಕಟೆ, ಬಂದು ಹೋಗುವ ಗಾಡಿಯೂ ಪುಕ್ಕಟೆ. ಖರ್ಚೆಲ್ಲ ಬೆಥೂನ್ ಅವರ ಸ್ವಂತ ಜೇಬಿನಿಂದ. ದಕ್ಷಿಣಾರಂಜನರು ಮನೆ ಕೊಟ್ಟದ್ದಲ್ಲದೆ ಕಟ್ಟಡಕ್ಕೆ ಜಾಗವನ್ನೂ ಕೊಟ್ಟರು. ಕಲ್ಕತ್ತೆಯ ವ್ಯಾಪಾರಿ ರಾಮಗೋಪಾಲ ಘೋಷ್ ಬೆನ್ನಿಗೆ ನಿಂತರು.

ಇವತ್ತು ‘ಪ್ರೈವೇಟ್ ಸ್ಕೂಲ್’ ಅಂದ ತಕ್ಷಣ ನಮಗೆ ಡೊನೇಷನ್ ನೆನಪಾಗುತ್ತದೆ, ಅಲ್ವಾ? ಆಗ ಪರಿಸ್ಥಿತಿ ಉಲ್ಟಾ. ಕಂಪನಿ ಸರ್ಕಾರ ಹೆಣ್ಣುಮಕ್ಕಳ ಓದಿಗೆ ಕೈ ಹಾಕಲು ಹೆದರುತ್ತಿತ್ತು. ಜನರ ಆಚಾರಕ್ಕೆ ಕೈ ಇಟ್ಟರೆ ಏನಾಗುತ್ತದೋ ಅನ್ನುವ ಅಳುಕು. ಸರ್ಕಾರ ಮಾಡದ ಕೆಲಸವನ್ನು ಸರ್ಕಾರದ ಒಬ್ಬ ದೊಡ್ಡ ಅಧಿಕಾರಿ ಖಾಸಗಿಯಾಗಿ ಮಾಡಿದ, ಅಷ್ಟೆ.

ಎಲ್ಲರ ಮಕ್ಕಳಿಗೂ ಪ್ರವೇಶ ಇತ್ತಾ?

ಇಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ. ‘ಮರ್ಯಾದಸ್ಥ ಹಿಂದೂ ಮನೆತನ’ದ ಹುಡುಗಿಯರಿಗೆ ಮಾತ್ರ ಪ್ರವೇಶ. ಮುಸ್ಲಿಮರಿಗಿಲ್ಲ, ಕ್ರೈಸ್ತರಿಗಿಲ್ಲ, ಕೆಳಜಾತಿಯವರಿಗಂತೂ ಇಲ್ಲವೇ ಇಲ್ಲ. ಬೆಥೂನ್ ಲೆಕ್ಕಾಚಾರ ಏನೆಂದರೆ, ಮೇಲಿನವರು ಕಳಿಸಿದರೆ ಉಳಿದವರು ತಾವಾಗಿ ಹಿಂದೆ ಬರುತ್ತಾರೆ. ಪುಣೆಯಲ್ಲಿ ಫುಲೆ ದಂಪತಿ ಕೆಲಸ ಶುರುಮಾಡಿದ್ದು ಇನ್ನೊಂದು ತುದಿಯಿಂದ. ಯಾರಿಗೆ ಎಲ್ಲಾ ಬಾಗಿಲೂ ಮುಚ್ಚಿತ್ತೋ ಅವರ ಮಕ್ಕಳಿಗೂ ಅವರು ಪಾಠ ಹೇಳಿದರು. ನನ್ನನ್ನು ಕೇಳಿದರೆ ಪುಣೆಯವರ ದಾರಿಯೇ ಕಷ್ಟದ್ದು, ಅದೇ ದೊಡ್ಡದು. ಆದರೆ ಕಲ್ಕತ್ತೆಯ ಶಾಲೆಯನ್ನು ಅದರ ಪಾಡಿಗೆ ಅದು ಏನು ಮಾಡಿತು ಅಂತ ನೋಡುವುದರಲ್ಲಿ ತಪ್ಪಿಲ್ಲ.

ಮೇಲಿನವರಾದರೂ ಸುಮ್ನೆ ಬಂದರಾ ಅಂದರೆ ಅದೂ ಇಲ್ಲ. ಸಂಸ್ಕೃತ ಕಾಲೇಜಿನ ಪಂಡಿತ ಮದನಮೋಹನ ತರ್ಕಾಲಂಕಾರರು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು, ಭುವನಮಾಲಾ ಮತ್ತು ಕುಂದಮಾಲಾ ಅವರನ್ನು, ಮೊದಲ ದಿನಗಳಲ್ಲೇ ಸೇರಿಸಿದರು. ಬ್ರಾಹ್ಮಣ ಪಂಡಿತ, ಅದರಲ್ಲೂ ಸಂಸ್ಕೃತದವನು, ಮಗಳನ್ನು ಶಾಲೆಗೆ ಕಳಿಸಿದ್ದು ಊರಿಗೆಲ್ಲ ಸುದ್ದಿ. ಜಾತಿಯವರಿಂದ ಬಹಿಷ್ಕಾರದ ಮಾತೂ ಕೇಳಬೇಕಾಯಿತು. ಅವರು ಜಗ್ಗಲಿಲ್ಲ. ಮಕ್ಕಳನ್ನು ಸೇರಿಸಿದ್ದಷ್ಟೇ ಅಲ್ಲ, ಸಂಬಳ ತೆಗೆದುಕೊಳ್ಳದೆ ಅಲ್ಲಿ ಪಾಠವನ್ನೂ ಹೇಳಿದರು.

1851ರಲ್ಲಿ ದೇವೇಂದ್ರನಾಥ ಠಾಕೂರರು ದೊಡ್ಡ ಮಗಳು ಸೌದಾಮಿನಿಯನ್ನು ಕಳಿಸಿದರು. ಶಾಲೆಗೆ ಹುಡುಗಿಯರು ಸಿಗುವುದೇ ಕಷ್ಟವಾಗಿತ್ತು, ಅದಕ್ಕೇ ಅಪ್ಪ ನನ್ನನ್ನೂ ಚಿಕ್ಕಪ್ಪನ ಮಗಳನ್ನೂ ಕಳಿಸಿದರು ಎಂದು ಆಕೆಯೇ ಮುಂದೆ ನೆನಪಿಸಿಕೊಂಡಿದ್ದಾರೆ. ಈ ಸೌದಾಮಿನಿ ರವೀಂದ್ರನಾಥರ ಅಕ್ಕ. ರವೀಂದ್ರರು ಆಗ ಇನ್ನೂ ಹುಟ್ಟೇ ಇರಲಿಲ್ಲ.

ಗಾಡಿಯ ಕಥೆ ಏನು? ಎಲ್ಲರೂ ಅದನ್ನೇ ಯಾಕೆ ಹೇಳುತ್ತಾರೆ?

ಯಾಕೆಂದರೆ ಶಾಲೆ ನಿಂತದ್ದೇ ಆ ಗಾಡಿಯ ಮೇಲೆ. ಏನು ಕಲಿಸಬೇಕು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಹುಡುಗಿ ಮನೆಯಿಂದ ಶಾಲೆಗೆ ಬರುವುದು ಹೇಗೆ ಅನ್ನುವುದು. ಒಳ್ಳೆ ಮನೆಯ ಹುಡುಗಿ ಬೀದಿಯಲ್ಲಿ ನಡೆಯುವ ಹಾಗಿಲ್ಲ. ಹೊರಗೆ ಹೊರಟರೆ ಪರದೆ ಹಾಕಿದ ಪಲ್ಲಕ್ಕಿ. ಪಲ್ಲಕ್ಕಿಗೆ ಬೋಯಿಗಳು ಬೇಕು, ಅವರಿಗೆ ಕೂಲಿ ಬೇಕು. ಐದಾರು ವರ್ಷದ ಮಗುವಿನ ಅಕ್ಷರಾಭ್ಯಾಸಕ್ಕೆ ದಿನಾ ಎರಡು ಸಲ ಅಷ್ಟು ಖರ್ಚು ಯಾವ ಅಪ್ಪ ಮಾಡುತ್ತಾನೆ?

ಅದಕ್ಕೇ ಶಾಲೆಯೇ ಕುದುರೆಗಾಡಿ ಇಟ್ಟಿತು. ಬಾಗಿಲಿಗೆ ಬಂದು ಕರೆದುಕೊಂಡು ಹೋಗುವುದು, ಬಾಗಿಲಿಗೇ ತಂದು ಬಿಡುವುದು. ಇವತ್ತಿನ ಸ್ಕೂಲ್ ವ್ಯಾನ್ ಲೆಕ್ಕ. ಆ ಗಾಡಿಯ ಪಕ್ಕೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ಸಂಸ್ಕೃತ ಸಾಲು ಬರೆಸಿದ್ದರು:

ಕನ್ಯಾಪ್ಯೇವಂ ಪಾಲನೀಯಾ ಶಿಕ್ಷಣೀಯಾತಿಯತ್ನತಃ

ಮಗಳನ್ನೂ ಹೀಗೆಯೇ ಸಾಕಬೇಕು, ತುಂಬಾ ಮುತುವರ್ಜಿಯಿಂದ ಓದಿಸಬೇಕು ಅಂತ ಅರ್ಥ. ಇದನ್ನು ಬರೆಸಿದವರು ಶಾಲೆಯ ಕಾರ್ಯದರ್ಶಿಯಾಗಿದ್ದ ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು. ಎಂಥ ಕಿಲಾಡಿ ಉಪಾಯ ನೋಡಿ. ಬೀದಿಯಲ್ಲಿ ನಿಂತು ‘ಧರ್ಮ ಕೆಟ್ಟಿತು’ ಅನ್ನುವವನ ಮೂಗಿನ ಮುಂದೆಯೇ ಶಾಸ್ತ್ರ ಉರುಳಿಕೊಂಡು ಹೋಗುತ್ತದೆ. ಬಯ್ಯುವುದಾದರೆ ಶಾಸ್ತ್ರವನ್ನೇ ಬಯ್ಯಬೇಕು.

ಪುಣೆಯಲ್ಲಿ ಗಾಡಿ ಇರಲಿಲ್ಲ. ಸಾವಿತ್ರಿಬಾಯಿ ನಡೆದೇ ಹೋಗುತ್ತಿದ್ದರು. ಸಗಣಿ, ಕೆಸರು ಎರಚುವವರಿದ್ದರು ಅಂತ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಳ್ಳುತ್ತಿದ್ದ ಕಥೆ ನಮ್ಮ ಮಕ್ಕಳಿಗೂ ಗೊತ್ತು.

ದಾರಿಯ ಮಾತು ಬಂದರೆ ನನಗೆ ನಮ್ಮಜ್ಜಿ ನೆನಪಾಗುತ್ತಾಳೆ. ಮೂರನೇ ಕ್ಲಾಸಿಗೇ ಅವಳ ಓದು ನಿಂತಿತ್ತು. ‘ಯಾಕಜ್ಜಿ ಬಿಟ್ಟೆ’ ಅಂತ ಕೇಳಿದರೆ ಗಂಡಸರ ದಬ್ಬಾಳಿಕೆ, ಸಂಪ್ರದಾಯ ಅಂತೆಲ್ಲ ಏನೂ ಹೇಳುತ್ತಿರಲಿಲ್ಲ. ‘ನಡುವೆ ಹಳ್ಳ ಇತ್ತಪ್ಪ, ಮಳೆಗಾಲದಲ್ಲಿ ಅಣ್ಣಂದಿರು ಈಜಿಕೊಂಡು ಹೋಗೋರು, ನನ್ನ ಕಳಿಸ್ಲಿಲ್ಲ’ ಅನ್ನುತ್ತಿದ್ದಳು. 2006-07ರಲ್ಲಿ ನಮ್ಮ ರಾಜ್ಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಅದನ್ನು ನೋಡಲು ಅವಳು ಇರಲಿಲ್ಲ.

ಆ ಶ್ಲೋಕ ಮನುಸ್ಮೃತಿಯದ್ದಾ?

ಅಲ್ಲ. ಬಹಳ ಕಡೆ ಮನು ಹೇಳಿದ್ದು ಅಂತ ಬರೆಯುತ್ತಾರೆ. ಅದು ಮಹಾನಿರ್ವಾಣ ತಂತ್ರ ಎಂಬ ಗ್ರಂಥದ ಸಾಲು. ಗಂಡುಮಗನನ್ನು ಹೇಗೆ ಬೆಳೆಸಬೇಕು ಅಂತ ಹೇಳಿ ಮುಗಿಸಿದ ಮೇಲೆ ‘ಮಗಳನ್ನೂ ಹೀಗೆಯೇ’ ಅಂತ ಬರುತ್ತದೆ.

ಇನ್ನೊಂದು ವಿಷಯ. ಗಾಡಿಯ ಮೇಲೆ ಬರೆಸಿದ್ದು ಅರ್ಧ ಶ್ಲೋಕ. ಉಳಿದರ್ಧ ‘ದೇಯಾ ವರಾಯ ವಿದುಷೇ ಧನರತ್ನಸಮನ್ವಿತಾ’, ಅಂದರೆ ಹಣ, ಒಡವೆ ಜೊತೆಗೆ ವಿದ್ಯಾವಂತ ವರನಿಗೆ ಕೊಡಬೇಕು. ಆ ಅರ್ಧವನ್ನು ಗಾಡಿಯ ಮೇಲೆ ಬರೆಯಲಿಲ್ಲ. ಆದರೆ ಹುಡುಗಿಯರ ಅಪ್ಪಂದಿರ ತಲೆಯಲ್ಲಿ ಇದ್ದದ್ದು ಬಹುಶಃ ಅದೇ. ಇಂಗ್ಲಿಷ್ ಓದಿದ ಅಳಿಯಂದಿರಿಗೆ ನಾಲ್ಕಕ್ಷರ ಬಲ್ಲ ಹೆಂಡತಿ ಬೇಕಾಗಿದ್ದ ಕಾಲ ಅದು.

ಏನೇನು ಕಲಿಸುತ್ತಿದ್ದರು? ಬರೀ ಹೊಲಿಗೆನಾ?

ಹೊಲಿಗೆ, ಕಸೂತಿ ಇತ್ತು. ಅದರ ಜೊತೆ ಬೇರೆಯೂ ಇತ್ತು. ಪಾಠವೆಲ್ಲ ಬಂಗಾಳಿಯಲ್ಲೇ ನಡೆಯುತ್ತದೆ, ಮನೆಯವರು ಬಯಸಿದರೆ ಮಾತ್ರ ಇಂಗ್ಲಿಷ್ ಅಂತ ಬೆಥೂನ್ ಮೊದಲ ದಿನವೇ ಮಾತು ಕೊಟ್ಟಿದ್ದರು. 1862ರ ಡಿಸೆಂಬರಿನಲ್ಲಿ ವಿದ್ಯಾಸಾಗರರು ಕೊಟ್ಟ ವರದಿಯ ಪ್ರಕಾರ ಓದು, ಬರಹ, ಲೆಕ್ಕ, ದೊಡ್ಡವರ ಜೀವನಕಥೆಗಳು, ಭೂಗೋಳ, ಬಂಗಾಳದ ಇತಿಹಾಸ, ಜೊತೆಗೆ ಹೊಲಿಗೆ. ಕಲಿಸಲು ಒಬ್ಬ ಹೆಡ್ ಮಿಸ್ಟ್ರೆಸ್, ಇಬ್ಬರು ಸಹಾಯಕ ಶಿಕ್ಷಕಿಯರು, ಇಬ್ಬರು ಪಂಡಿತರು.

ಶುರುವಿನಲ್ಲಿ ಇನ್ನೊಂದು ತೊಡಕಿತ್ತು. ಅಷ್ಟು ಚಿಕ್ಕ ಮಕ್ಕಳಿಗೆ ಓದಲು ಕೊಡುವಂಥ ಬಂಗಾಳಿ ಪುಸ್ತಕ ಎಲ್ಲಿದೆ? ಇದ್ದವು ಒಂದೋ ಕಬ್ಬಿಣದ ಕಡಲೆ, ಇಲ್ಲವೇ ಹೆಣ್ಣುಮಗುವಿನ ಕೈಗೆ ಕೊಡಲು ಅಪ್ಪಂದಿರು ಒಪ್ಪದಂಥವು. ಮದನಮೋಹನರೇ ಕೂತು ಈ ಹುಡುಗಿಯರಿಗಾಗಿ ಒಂದು ಬಾಲಬೋಧೆಯನ್ನು ಭಾಗ ಭಾಗವಾಗಿ ಬರೆದರು. ಅಕ್ಷರ, ಒತ್ತಕ್ಷರ, ಆಮೇಲೆ ಚಿಕ್ಕ ಚಿಕ್ಕ ವಾಕ್ಯ. ಅದರಲ್ಲಿದ್ದ ಬೆಳಗಿನ ಹಕ್ಕಿಗಳ ಪದ್ಯವನ್ನು ಬಂಗಾಳಿಗಳು ಈಗಲೂ ಬಾಯಿಪಾಠ ಹೇಳುತ್ತಾರೆ. ವಿದ್ಯಾಸಾಗರರು ಅದಕ್ಕೆ ನಾಲ್ಕನೇ ಭಾಗ ಸೇರಿಸಿದರು. ಹುಡುಗಿಯರಿಗೆಂದು ಮಾಡಿದ ಪುಸ್ತಕದಲ್ಲಿ ಮುಂದೆ ಎಷ್ಟೋ ತಲೆಮಾರಿನ ಹುಡುಗರೂ ಅಕ್ಷರ ಕಲಿತರು. ಈ ಮಾತು ಯಾಕೋ ಜಾಸ್ತಿ ಜನ ಹೇಳುವುದಿಲ್ಲ.

ಊರಿನವರು ವಿರೋಧಿಸಿದ್ದು ಯಾಕೆ?

ಓದಿದ ಹೆಣ್ಣು ಬೇಗ ವಿಧವೆಯಾಗುತ್ತಾಳೆ ಅನ್ನುವ ನಂಬಿಕೆ ಗಟ್ಟಿಯಾಗಿತ್ತು. ಎಳೆಯ ಹುಡುಗಿಯನ್ನು ಮುದುಕನಿಗೆ ಕೊಡುತ್ತಿದ್ದ ಕಾಲದಲ್ಲಿ ಅವಳು ವಿಧವೆಯಾಗಲು ಪುಸ್ತಕ ಬೇಕಿತ್ತಾ ಅಂತ ಯಾರೂ ಕೇಳಲಿಲ್ಲ. ರಾಸಸುಂದರಿ ದೇವಿ ಎಂಬ ಗೃಹಿಣಿ ಅದೇ ಕಾಲದಲ್ಲಿ, ಬಂಗಾಳದ ಹಳ್ಳಿಯೊಂದರಲ್ಲಿ, ಮಗ ಬರೆದಿದ್ದ ತಾಳೆಗರಿಯನ್ನು ಅಡುಗೆಮನೆಯಲ್ಲಿ ಅಡಗಿಸಿಟ್ಟುಕೊಂಡು ಕದ್ದು ಅಕ್ಷರ ಕಲಿತರು. ಅಷ್ಟು ಭಯ.

ಇನ್ನೊಂದು ಗುಮಾನಿ, ಇದೆಲ್ಲ ಜಾತಿ ಕೆಡಿಸಿ ಕ್ರೈಸ್ತರನ್ನಾಗಿ ಮಾಡುವ ಹುನ್ನಾರ ಅನ್ನುವುದು. ರಾಜಾ ರಾಧಾಕಾಂತ ದೇಬ್ ಅವರ ನಿಲುವು ಮಜವಾಗಿದೆ. ಅವರು ಸಂಪ್ರದಾಯಸ್ಥರ ಮುಖಂಡರು, ಆದರೆ ಹೆಣ್ಣು ಓದುವುದಕ್ಕೆ ಅವರ ತಕರಾರಿರಲಿಲ್ಲ. ಮನೆಯೊಳಗೇ ಓದಲಿ ಅನ್ನುತ್ತಿದ್ದರು. ಬೆಥೂನ್ ಶಾಲೆ ಶುರುವಾದ ಅದೇ ತಿಂಗಳು ತಮ್ಮ ಮನೆಯಲ್ಲೇ ಒಂದು ಶಾಲೆ ತೆರೆದರು. ಅಂದರೆ ಜಗಳ ಇದ್ದದ್ದು ಅಕ್ಷರದ ಮೇಲಲ್ಲ, ಹೊಸಿಲಿನ ಮೇಲೆ.

ಕವಿ ಈಶ್ವರಚಂದ್ರ ಗುಪ್ತರು ಲೇವಡಿ ಪದ್ಯ ಕಟ್ಟಿದರು. ವ್ರತ ನೇಮ ಮಾಡಿಕೊಂಡು ಹುಡುಗಿಯರು ಚೆನ್ನಾಗಿದ್ದರು, ಬೆಥೂನ್ ಒಬ್ಬನೇ ಬಂದು ಎಲ್ಲಾ ಹಾಳುಮಾಡಿದ, ಇನ್ನು ಮೇಲೆ ಇವರು ಎಬಿಸಿ ಕಲಿತು, ತಾವೇ ಬಗ್ಗಿ ಗಾಡಿ ಹೊಡೆದುಕೊಂಡು ಮೈದಾನಕ್ಕೆ ಗಾಳಿ ತಿನ್ನಲು ಹೋಗುತ್ತಾರೆ ಅನ್ನುವುದು ಅದರ ತಾತ್ಪರ್ಯ. ಇಲ್ಲೂ ಗಾಡಿಯೇ ನೋಡಿ. ಕವಿಗೆ ಕಣ್ಣಿತ್ತು.

ಹುಡುಗಿಯರು ಎಷ್ಟು ವರ್ಷ ಓದುತ್ತಿದ್ದರು?

ತುಂಬಾ ಕಡಿಮೆ. ಹತ್ತು ಹನ್ನೊಂದಕ್ಕೆ ಮದುವೆ. ಮದುವೆಯಾದರೆ ಶಾಲೆ ಮುಗಿಯಿತು. ಮೊದಲ ಮೂವತ್ತು ವರ್ಷ ಇದು ಹೆಚ್ಚುಕಡಿಮೆ ಪ್ರಾಥಮಿಕ ಶಾಲೆಯಾಗಿಯೇ ಉಳಿದದ್ದಕ್ಕೆ ಇದೇ ಕಾರಣ.

ಬೆಥೂನ್ ತೀರಿಕೊಂಡ ಮೇಲೆ ಶಾಲೆ ಮುಚ್ಚಲಿಲ್ವಾ?

ಮುಚ್ಚುವ ಹಾಗೇ ಇತ್ತು. 1850ರ ನವೆಂಬರ್ 6ರಂದು ಕಾರ್ನ್‌ವಾಲಿಸ್ ಸ್ಕ್ವೇರ್ ಪಕ್ಕದ ಜಾಗದಲ್ಲಿ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಕಟ್ಟಡದಲ್ಲಿ ಪಾಠ ನಡೆಯುವುದನ್ನು ನೋಡುವ ಯೋಗ ಬೆಥೂನ್‌ಗೆ ಇರಲಿಲ್ಲ. 1851ರ ಆಗಸ್ಟ್ 12ರಂದು ತೀರಿಕೊಂಡರು. ಊರಾಚೆಯ ಹುಡುಗಿಯರ ಶಾಲೆಯೊಂದನ್ನು ನೋಡಲು ಹೋಗಿ ಮಳೆಯಲ್ಲಿ ನೆನೆದದ್ದೇ ಮುಳುವಾಯಿತು ಅಂತ ಹೇಳುತ್ತಾರೆ. ಇಲ್ಲಿದ್ದ ತಮ್ಮ ಆಸ್ತಿಯನ್ನು ಶಾಲೆಗೇ ಬರೆದಿಟ್ಟಿದ್ದರು.

ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ತಮ್ಮ ಸ್ವಂತ ದುಡ್ಡಿನಿಂದ ಶಾಲೆ ನಡೆಸಿದರು. ಕಿತ್ತೂರು, ಝಾನ್ಸಿಗಳ ನೆನಪಿರುವ ನಮಗೆ ‘ದತ್ತುಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯ ಕಹಿ ಚೆನ್ನಾಗಿ ಗೊತ್ತು. ಅದನ್ನು ಬೆತ್ತದ ಹಾಗೆ ಬೀಸಿದ ಡಾಲ್‌ಹೌಸಿಯೇ ಇವರು. ಮನುಷ್ಯರು ಒಂದೇ ಬಣ್ಣದವರಲ್ಲ. 1856ರಲ್ಲಿ ಅವರು ಭಾರತ ಬಿಟ್ಟ ಮೇಲೆ ಶಾಲೆ ಸರ್ಕಾರದ ಕೈಗೆ ಹೋಯಿತು. ಅಲ್ಲಿಗೆ ಅದರ ಖಾಸಗಿ ಬದುಕು ಏಳು ವರ್ಷಕ್ಕೆ ಮುಗಿಯಿತು.

ವಿದ್ಯಾಸಾಗರರ ಪಾಲು ಎಷ್ಟು?

ಶುರುಮಾಡಿದವರು ಅವರಲ್ಲ. 1850ರ ಕೊನೆಯಿಂದ ಕಾರ್ಯದರ್ಶಿಯಾಗಿದ್ದವರು. ನಡೆಸಿಕೊಂಡು ಹೋಗುವುದು ಶುರುಮಾಡುವುದಕ್ಕಿಂತ ಕಷ್ಟ ಅನ್ನುವುದು ಯಾವ ಸಂಘ ಕಟ್ಟಿದವರಿಗೂ ಗೊತ್ತಿರುತ್ತದೆ.

ಅವರ ಸಾಹಸ ಅಷ್ಟಕ್ಕೇ ನಿಲ್ಲಲಿಲ್ಲ. 1857ರ ನವೆಂಬರಿನಿಂದ 1858ರ ಮೇ ತನಕ, ಅಂದರೆ ದೇಶದಲ್ಲಿ ದಂಗೆ ಎದ್ದಿದ್ದ ಹೊತ್ತಿನಲ್ಲೇ, ಹೂಗ್ಲಿ, ಬರ್ದ್ವಾನ್, ಮಿಡ್ನಾಪುರ, ನಾದಿಯಾ ಜಿಲ್ಲೆಗಳ ಹಳ್ಳಿಗಳಲ್ಲಿ 35 ಹುಡುಗಿಯರ ಶಾಲೆ ತೆರೆದರು. ಸುಮಾರು 1,300 ಮಕ್ಕಳು ಸೇರಿದರು. ಸರ್ಕಾರ ದುಡ್ಡು ಕೊಡುತ್ತದೆ ಅಂತ ನಂಬಿದ್ದರು, ಸರ್ಕಾರ ಕೈ ಎತ್ತಿತು. ಮೇಷ್ಟ್ರುಗಳ ಸಂಬಳ ಬಾಕಿ ಬಿತ್ತು. ಅದೇ ವರ್ಷ ಅವರು ಸಂಸ್ಕೃತ ಕಾಲೇಜಿನ ಪ್ರಾಂಶುಪಾಲ ಹುದ್ದೆಗೆ ರಾಜೀನಾಮೆ ಕೊಟ್ಟರು.

ಕಲಿಸಲು ಹೆಂಗಸರೇ ಇರಲಿಲ್ವಾ?

ಮೇಲ್ವಿಚಾರಣೆಗೆ ಯುರೋಪಿಯನ್ ಮಹಿಳೆಯರಿದ್ದರು. ಬಂಗಾಳಿ ಮೇಷ್ಟ್ರಮ್ಮ ಸಿಗುವುದೇ ದುಸ್ತರ. 1866ರಲ್ಲಿ ಇಂಗ್ಲೆಂಡಿನಿಂದ ಮೇರಿ ಕಾರ್ಪೆಂಟರ್ ಎಂಬ ಸಮಾಜ ಸುಧಾರಕಿ ಬಂದರು. ಶಿಕ್ಷಕಿಯರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲ್ ಒಂದನ್ನು ಬೆಥೂನ್ ಶಾಲೆಯಲ್ಲೇ ತೆರೆಯಿರಿ ಅಂದರು.

ವಿದ್ಯಾಸಾಗರರು ಬೇಡ ಅಂದರು! ಹೆಣ್ಣುಮಕ್ಕಳ ಓದಿಗೆ ಜೀವ ತೇಯ್ದವರೇ ಬೇಡ ಅಂದದ್ದು ಯಾಕೆ? ಅವರ ವಾದ ನೇರವಾಗಿತ್ತು. ಹತ್ತು ವರ್ಷದ ಹುಡುಗಿಯನ್ನು ಶಾಲೆಗೆ ಕಳಿಸಲು ಹಿಂದೆ ಮುಂದೆ ನೋಡುವ ಮನೆಯವರು ದೊಡ್ಡ ಹೆಂಗಸನ್ನು ಸಂಬಳದ ಕೆಲಸಕ್ಕೆ ಕಳಿಸುತ್ತಾರಾ? ಬರುವುದಿದ್ದರೆ ಗತಿಯಿಲ್ಲದ ವಿಧವೆಯರು ಬರಬೇಕು. ಅವರು ಹೊರಗೆ ಕೆಲಸಕ್ಕೆ ಹೊರಟರೆ ಊರು ಅವರನ್ನು ಅನುಮಾನದಿಂದ ನೋಡುತ್ತದೆ, ಆಮೇಲೆ ಅವರ ಬಳಿ ಮಕ್ಕಳನ್ನು ಯಾರು ಬಿಡುತ್ತಾರೆ? 1869ರಲ್ಲಿ ಸರ್ಕಾರ ನಾರ್ಮಲ್ ಸ್ಕೂಲ್ ತೆರೆದೇ ತೆರೆಯಿತು, 1872ರಲ್ಲಿ ಮುಚ್ಚಿತು. ಪಂಡಿತರ ಲೆಕ್ಕ ಸರಿಯಿತ್ತು. ಹಾಗಂತ ಪ್ರಯತ್ನ ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

ಇದೇ ಕಾರ್ಪೆಂಟರ್ ಜೊತೆ 1866ರ ಡಿಸೆಂಬರಿನಲ್ಲಿ ಉತ್ತರಪಾಡಾದ ಹುಡುಗಿಯರ ಶಾಲೆ ನೋಡಿ ವಾಪಸ್ ಬರುವಾಗ ವಿದ್ಯಾಸಾಗರರಿದ್ದ ಗಾಡಿ ಮಗುಚಿತು. ಹೊಟ್ಟೆಗೆ ಪೆಟ್ಟು ಬಿತ್ತು. ಆಮೇಲೆ 25 ವರ್ಷ ಬದುಕಿದ್ದರೂ ಆರೋಗ್ಯ ಮೊದಲಿನಂತೆ ಆಗಲೇ ಇಲ್ಲ.

ಶಾಲೆ ಕಾಲೇಜಾದದ್ದು ಹೇಗೆ?

ಒಬ್ಬಳೇ ಹುಡುಗಿಗಾಗಿ. ಹೆಸರು ಕಾದಂಬಿನಿ ಬಸು. ಕಲ್ಕತ್ತೆಯ ಬಾಲಿಗಂಜ್‌ನಲ್ಲಿ ಬ್ರಾಹ್ಮ ಸಮಾಜ ಎಂಬ ಸುಧಾರಕರ ಸಂಘದ ಕೆಲವರು ನಡೆಸುತ್ತಿದ್ದ ಬಂಗ ಮಹಿಳಾ ವಿದ್ಯಾಲಯ ಎಂಬ ಇನ್ನೊಂದು ಖಾಸಗಿ ಶಾಲೆ ಇತ್ತು. ಅದು ಹಾಸ್ಟೆಲ್ ಶಾಲೆ. ಅಲ್ಲೇ ಊಟ, ಅಲ್ಲೇ ನಿದ್ದೆ, ಹಾಗಾಗಿ ದಾರಿಯ ಸಮಸ್ಯೆಯೇ ಇಲ್ಲ. ಕಾದಂಬಿನಿ ಅಲ್ಲಿ ಓದುತ್ತಿದ್ದಳು. 1878ರಲ್ಲಿ ಅದು ಬೆಥೂನ್ ಶಾಲೆಯೊಳಗೆ ಸೇರಿಕೊಂಡಿತು. ಅದೇ ವರ್ಷ ಅವಳು ಕಲ್ಕತ್ತಾ ವಿಶ್ವವಿದ್ಯಾಲಯದ ಎಂಟ್ರೆನ್ಸ್ ಪರೀಕ್ಷೆ, ಅಂದರೆ ಆಗಿನ ಮೆಟ್ರಿಕ್, ಬರೆದಳು. ಫಸ್ಟ್ ಡಿವಿಷನ್ ತಪ್ಪಿದ್ದು ಒಂದೇ ಒಂದು ಮಾರ್ಕಿನಲ್ಲಿ. ಮುಂದೆ ಓದುತ್ತೇನೆ ಅಂದಳು. ಎಲ್ಲಿ ಓದುವುದು? 1879ರಲ್ಲಿ ಬೆಥೂನ್‌ನಲ್ಲೇ ಕಾಲೇಜು ತರಗತಿ ಶುರುವಾಯಿತು. ಒಬ್ಬಳು ವಿದ್ಯಾರ್ಥಿನಿ, ಒಬ್ಬರು ಅಧ್ಯಾಪಕರು.

ಆಮೇಲೆ ಚಂದ್ರಮುಖಿ ಬಸು ಬಂದಳು. ಅವಳು ಕ್ರೈಸ್ತಳು. 1876ರಲ್ಲೇ ಎಂಟ್ರೆನ್ಸ್ ಬರೆಯಲು ಬಿಟ್ಟಿದ್ದರೂ ಪಾಸಾದವರ ಪಟ್ಟಿಯಲ್ಲಿ ಅವಳ ಹೆಸರು ಹಾಕಿರಲಿಲ್ಲ. ಹಿಂದೂಗಳಿಗೆ ಮಾತ್ರ ಎಂಬ ನಿಯಮ ಅವಳಿಗಾಗಿ ಸಡಿಲವಾಯಿತು. 1883ರಲ್ಲಿ ಇಬ್ಬರೂ ಬಿ.ಎ. ಪದವಿ ಪಡೆದರು. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಶುರುಮಾಡಿದ್ದು 1920ರಲ್ಲಿ, ಬೆಥೂನ್ ಓದಿದ ಕೇಂಬ್ರಿಜ್ 1948ರಲ್ಲಿ. ಚಂದ್ರಮುಖಿ ಎಂ.ಎ. ಮಾಡಿ, ಮುಂದೆ ಇದೇ ಬೆಥೂನ್ ಕಾಲೇಜಿಗೆ ಪ್ರಾಂಶುಪಾಲೆಯಾದಳು.

ಕಾದಂಬಿನಿ ಮೆಡಿಕಲ್ ಕಾಲೇಜು ಸೇರಿ ಡಾಕ್ಟರಾದರು. ರಾತ್ರಿ ಹೊತ್ತು ರೋಗಿಗಳನ್ನು ನೋಡಲು ಹೋಗುತ್ತಾರೆ ಅಂತ ಒಂದು ಪತ್ರಿಕೆ ಅವರನ್ನು ‘ಸೂಳೆ’ ಅನ್ನುವ ಅರ್ಥ ಬರುವ ಹಾಗೆ ಬರೆಯಿತು. ಅವರು ಕೋರ್ಟಿಗೆ ಹೋದರು. ಸಂಪಾದಕನಿಗೆ ಆರು ತಿಂಗಳು ಜೈಲು, ನೂರು ರೂಪಾಯಿ ದಂಡ. ಕುದುರೆಗಾಡಿಯಲ್ಲಿ ರೋಗಿಗಳ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಲೇಸ್ ಹೆಣೆಯುತ್ತಾ ಕೂತಿರುತ್ತಿದ್ದರು ಅಂತ ಅವರ ಮನೆಯವರು ನೆನಪಿಸಿಕೊಂಡಿದ್ದಾರೆ. ಈಶ್ವರ ಗುಪ್ತರ ಲೇವಡಿ ಹೀಗೆ ನಿಜವಾಯಿತು.

ಕರ್ನಾಟಕಕ್ಕೂ ಈ ಶಾಲೆಗೂ ಏನಾದರೂ ನಂಟಿದೆಯಾ?

ಇದೆ. ಸೌದಾಮಿನಿಯ ತಂಗಿ ಸ್ವರ್ಣಕುಮಾರಿ ದೇವಿಯವರ ಮಗಳು ಸರಳಾದೇವಿ ಇದೇ ಬೆಥೂನ್‌ನಲ್ಲಿ ಓದಿ 1890ರಲ್ಲಿ ಬಿ.ಎ. ಪಾಸಾದರು. ಓದಿದ್ದೇನೋ ಆಯಿತು, ಇನ್ನು ದುಡಿಯಬೇಕು, ಸ್ವಂತ ಕಾಲ ಮೇಲೆ ನಿಲ್ಲಬೇಕು ಅಂತ ಹಟ. ಠಾಕೂರ್ ಮನೆತನದ ಹುಡುಗಿಗೆ ಸಂಬಳದ ಅಗತ್ಯ ಏನಿತ್ತು? ಆಕೆಗೆ ಬೇಕಿತ್ತು, ಅಷ್ಟೆ. 1890ರ ದಶಕದಲ್ಲಿ ಮೈಸೂರಿನ ಮಹಾರಾಣಿ ಶಾಲೆಗೆ ಟೀಚರಾಗಿ ಬಂದರು. ಮಹಾರಾಣಿ ಶಾಲೆ 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಮುತುವರ್ಜಿಯಿಂದ, ಅರಮನೆಯ ಆಸರೆಯಲ್ಲಿ ಶುರುವಾಗಿತ್ತು.

ಮೈಸೂರಿನಲ್ಲಿ ಹೆಚ್ಚು ದಿನ ಇರಲಿಲ್ಲ. ಒಂದು ರಾತ್ರಿ ಯಾರೋ ಅವರಿದ್ದ ಮನೆಗೆ ನುಗ್ಗಿದ ಪ್ರಸಂಗ ನಡೆದು, ವಾಪಸ್ ಕಲ್ಕತ್ತೆಗೆ ಹೋಗಬೇಕಾಯಿತು. ಆದರೆ ಬರಿಗೈಲಿ ಹೋಗಲಿಲ್ಲ. ಇಲ್ಲಿ ಕೇಳಿದ ಹಾಡುಗಳ ಧಾಟಿಗಳನ್ನು ಕಲಿತು ಹೋಗಿ ಸೋದರಮಾವ ರವೀಂದ್ರನಾಥರಿಗೆ ಹಾಡಿ ತೋರಿಸಿದರು. ಮಾವ ಆ ಧಾಟಿಗಳ ಮೇಲೆ ಬಂಗಾಳಿ ಮಾತು ಕೂರಿಸಿದರು. ರವೀಂದ್ರ ಸಂಗೀತ ಕೇಳುವಾಗ ಎಲ್ಲೋ ನಮ್ಮ ಕಡೆಯ ರಾಗ ಕಿವಿಗೆ ಬಿದ್ದಂತಾದರೆ ಅದು ಬರೀ ಭ್ರಮೆ ಅಲ್ಲ.

ಈಗಲೂ ಶಾಲೆ ಇದೆಯಾ? ಹೋಗಿ ನೋಡಬಹುದಾ?

ಇದೆ. ಉತ್ತರ ಕೋಲ್ಕತ್ತೆಯ ಹೆದುವಾ ಕೊಳದ ಎದುರು, ಬಿಧಾನ್ ಸರಣಿಯಲ್ಲಿ ಶಾಲೆಯೂ ಕಾಲೇಜೂ ಅಕ್ಕಪಕ್ಕದಲ್ಲಿ ನಡೆಯುತ್ತಿವೆ. ಆ ರಸ್ತೆಯ ಹಳೆಯ ಹೆಸರು ಕಾರ್ನ್‌ವಾಲಿಸ್ ಸ್ಟ್ರೀಟ್. ಹುಡುಗಿಯರ ಶಾಲೆಯಾದ್ದರಿಂದ ಸುಮ್ನೆ ಒಳಗೆ ನುಗ್ಗುವ ಹಾಗಿಲ್ಲ, ಮೊದಲೇ ಕೇಳಿಕೊಂಡು ಹೋಗಿ.

ಬೆಥೂನ್ ಸಮಾಧಿ ಇರುವುದು ಬೇರೆ ಕಡೆ, ಲೋಯರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ. ಅಲ್ಲಿಗೆ ಹೋಗುವ ಬಂಗಾಳಿಗಳಲ್ಲಿ ಹೆಚ್ಚಿನವರು ಹುಡುಕುವುದು ಅವರ ಸಮಾಧಿಯನ್ನಲ್ಲ, ಅದೇ ಸ್ಮಶಾನದಲ್ಲಿರುವ ಮೈಕೆಲ್ ಮಧುಸೂದನ ದತ್ತನ ಸಮಾಧಿಯನ್ನು. ಅದರ ಕಲ್ಲಿನ ಮೇಲೆ ಕವಿಯೇ ಬರೆದ ಪದ್ಯ ಕೆತ್ತಿದ್ದಾರೆ, ಬಂಗಾಳಿಯಲ್ಲಿ.